ಐದು ಗಂಟೆಯ ಗೋಡೆ

“ಮಹಾರಿತ್ ತನ್ನ ಗಂಡನ ಮುಖ ನೋಡಿದ್ದಕ್ಕಿಂತ ಆ ಗೋಡೆಯ ಮುಖ ನೋಡಿದ್ದೇ ಹೆಚ್ಚು” ಎಂದು ಪೋರ್ಸ್‌ವೆನ್ ಊರಿನ ಹೆಂಗಸರು ಹೇಳುತ್ತಿದ್ದರು. ಬ್ರೆಡ್ಡಿನ ಅಂಗಡಿಯ ಮುಂದೆ ನಿಂತಾಗ ಒಬ್ಬಳು ಈ ಮಾತು ತೆಗೆದರೆ ಸಾಕು, ಇನ್ನೊಬ್ಬಳು “ಅವಳು ಕಟ್ಕೊಂಡಿದ್ದೇ ಗೋಡೇನ, ಗುಲ್ವೆನ್‌ನ ಅಲ್ಲ” ಎನ್ನುವಳು. ಮೂರನೆಯವಳು ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, “ಗೋಡೆ ಆದ್ರೆ ವಾಸಿ ಬಿಡೆ, ಮನೇಲಾದ್ರೂ ಇರುತ್ತೆ” ಎನ್ನುವಳು. ಮೂರನೆಯವಳ ಗಂಡನೂ ಸಮುದ್ರದ ಮೇಲೆ ಹೋದವನೇ.

ಮಾತೇನೂ ಸುಳ್ಳಲ್ಲ. ಗುಲ್ವೆನ್ ಲಾಬ್‌ಸ್ಟರ್ ಎಂಬ ದೊಡ್ಡ ಕಡಲಸಿಗಡಿ ಹಿಡಿಯುವ ಹಡಗಿನಲ್ಲಿದ್ದವನು. ಫ್ರಾನ್ಸಿನ ಬ್ರಿಟನಿಯ ಉತ್ತರ ಕರಾವಳಿಯ ಈ ಊರಿನಿಂದ ಹೊರಟರೆ ಆಫ್ರಿಕಾದ ಪಶ್ಚಿಮ ತೀರದ ಮಾರಿಟೇನಿಯದವರೆಗೂ ಹೋಗಿ, ನಾಲ್ಕೈದು ತಿಂಗಳು ಬಿಟ್ಟು ಮರಳುತ್ತಿದ್ದ. ಬಂದವನು ಹದಿನೈದು ದಿನ ಮನೆಯಲ್ಲಿದ್ದು, ಕಪ್ಪುಗೋಧಿಯ ದೋಸೆಯನ್ನು ಬೆಣ್ಣೆ ಸುರಿಯುವಂತೆ ತಿಂದು, ಮತ್ತೆ ಚೀಲ ಹೆಗಲಿಗೇರಿಸುತ್ತಿದ್ದ. ಗೋಡೆ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ.

ಅವರ ಮನೆ ಊರಿನಾಚೆ, ಸಮುದ್ರಕ್ಕೆ ಚಾಚಿದ ನೆಲದ ತುದಿಯಲ್ಲಿತ್ತು. ಉಬ್ಬರ ಬಂದಾಗ ಊರಿಗೂ ಅದಕ್ಕೂ ನಡುವಿನ ದಾರಿ ನೀರಿನಡಿ ಹೋಗುತ್ತಿತ್ತು. ಮನೆಯ ಒಂದು ಪಕ್ಕದ ಗೋಡೆ ನೇರ ಸಮುದ್ರದ ಕಡೆಗಿತ್ತು. ಕಿಟಕಿಯಿಲ್ಲ, ಬಾಗಿಲಿಲ್ಲ; ಎತ್ತರಕ್ಕೆ ಹೋಗಿ ಹೊಗೆಗೂಡಿನ ಹತ್ತಿರ ಚೂಪಾಗುವ ಬರೀ ಗೋಡೆ. ಅದನ್ನು ಹಾಲಿನಂತೆ ಬೆಳ್ಳಗಿಡಬೇಕು. ಹೊರಗಿನಿಂದ ಬರುವ ದೋಣಿ ಹಡಗುಗಳು ಈ ಬಿಳಿ ಗೋಡೆಯನ್ನೂ ಅದರ ಹಿಂದಿನ ದಿಬ್ಬದ ಮೇಲಿದ್ದ ಇಗರ್ಜಿಯ ಗೋಪುರವನ್ನೂ ಒಂದರ ಮೇಲೊಂದು ಬರುವಂತೆ ಹಿಡಿದುಕೊಂಡು ಬಂದರೆ ದಾರಿ ಸುರಕ್ಷಿತ. ಒಂದಿಷ್ಟು ಆಚೀಚೆ ಆದರೆ ಎಡಕ್ಕೆ ‘ಹೆಣ್ಣುಹಂದಿ’ ಎಂಬ ಬಂಡೆ, ಬಲಕ್ಕೆ ಅದರ ‘ಮರಿಗಳು’. ಆ ಹಂದಿ ಎಷ್ಟು ಜನರನ್ನು ತಿಂದಿತ್ತೆಂಬುದನ್ನು ಇಗರ್ಜಿಯ ಗೋಡೆಯ ಕಲ್ಲಿನಲ್ಲಿ ಹೆಸರು ಹೆಸರಾಗಿ ಕೊರೆದಿದ್ದರು.

ಮದುವೆಯಾದ ಮರುದಿನವೇ ಅತ್ತೆ ಮಹಾರಿತ್‌ಳ ಕೈಗೆ ಸುಣ್ಣದ ಬ್ರಶ್ಶು ಕೊಟ್ಟಳಂತೆ. ಇಪ್ಪತ್ತು ವರ್ಷದ ಹುಡುಗಿ. ಇನ್ನೂ ಮದುವೆಯ ಟೋಪಿಯ ಲೇಸಿನ ಗಂಜಿ ಮೆತ್ತಗಾಗಿರಲಿಲ್ಲ.

“ಇದು ನಿನ್ನದು. ನನಗೆ ನನ್ನತ್ತೆ ಕೊಟ್ಟಿದ್ದು. ಪ್ರತಿವರ್ಷ ಬೇಸಿಗೆ ಮೊದಲಿಗೆ ಬರೋ ಪೆಂತೆಕೋಸ್ತ್ ಹಬ್ಬಕ್ಕೆ ಮುಂಚೆ ಬಳೀಬೇಕು,” ಎಂದಳು ಅತ್ತೆ.

“ಬಳೀದಿದ್ರೆ?”

“ನಿನ್ನ ಗಂಡಾನೂ ಅದೇ ದಾರೀಲಿ ಬರೋದು ಕಣೇ.”

ಅತ್ತೆ ಇನ್ನೂ ಎರಡು ಗುಟ್ಟು ಹೇಳಿಕೊಟ್ಟಳು. ಸುಣ್ಣಕ್ಕೆ ಒಂದು ಹಿಡಿ ದನದ ಕೊಬ್ಬನ್ನು ಕರಗಿಸಿ ಹಾಕಬೇಕು, ಆಗ ಮಳೆ ತೊಳೆಯುವುದಿಲ್ಲ. ಬಿಸಿಲು ಬಿದ್ದ ಗೋಡೆಗೆ ಸುಣ್ಣ ಹಚ್ಚಲೇಬಾರದು. ಹಚ್ಚಿದರೆ ಬೇಗ ಒಣಗಿ, ತಿಂಗಳೊಳಗೆ ಪುಡಿಯಾಗಿ ಉದುರುತ್ತದೆ. ಆ ಗೋಡೆಯ ಮುಖ ವಾಯುವ್ಯದ ಕಡೆಗೆ ತಿರುಗಿದ್ದರಿಂದ ಬೇಸಿಗೆಯಲ್ಲೂ ಸಂಜೆ ಐದರ ಹೊತ್ತಿಗಷ್ಟೇ ಬಿಸಿಲು ಮುಟ್ಟುತ್ತಿತ್ತು. ಬೆಳಿಗ್ಗೆ ಏಣಿ ಹತ್ತಿದವಳು ಆ ಬಿಸಿಲು ಬರುವಷ್ಟರಲ್ಲಿ ಇಳಿಯಬೇಕು. ಮೊದಲು ಬಲಮೂಲೆಗೆ ಒಂದು ಗೆರೆಯಷ್ಟು ಬೆಳಕು, ಆಮೇಲೆ ಪಕ್ಕಕ್ಕೆ ಹರಿಯುತ್ತಾ ಇಡೀ ಗೋಡೆ. ಗಡಿಯಾರ ನೋಡದೆಯೇ ಹೇಳುವಷ್ಟು ಅದು ಅವಳಿಗೆ ರೂಢಿಯಾಗಿತ್ತು.

ಹೀಗೆ ನಲವತ್ತೊಂದು ವರ್ಷ. ಯುದ್ಧದ ಕಾಲದಲ್ಲಿ ಸುಣ್ಣ ಸಿಗದೆ ಹೋದಾಗ ಚಿಪ್ಪು ಆರಿಸಿ ತಂದು ತಾನೇ ಸುಟ್ಟಳು. ಒಂದು ವರ್ಷ ಏಣಿಯಿಂದ ಬಿದ್ದು ಮುಂಗೈ ಮುರಿದುಕೊಂಡಾಗ ಎಡಗೈಯಲ್ಲಿ ಬಳಿದಳು. ಆದರೆ ಒಂದು ವಿಚಿತ್ರ: ಇಷ್ಟೆಲ್ಲ ಮಾಡಿದವಳು ಆ ಗೋಡೆಯನ್ನು ಸಮುದ್ರದಿಂದ ಒಮ್ಮೆಯೂ ನೋಡಿರಲಿಲ್ಲ. ಕಡಲಪಾಚಿ ಕೊಯ್ಯಲು ಅವಳ ದೋಣಿ ಕೊಲ್ಲಿಯೊಳಗೇ ಓಡಾಡುತ್ತಿತ್ತು. ಅಲ್ಲಿಂದ ಕಾಣುವುದು ಮನೆಯ ಬೆನ್ನು ಮಾತ್ರ.

ಗುಲ್ವೆನ್ ಮನೆಗೆ ಬಂದಾಗಲೆಲ್ಲ ಅವಳು ಕೇಳುವುದೂ ಅದನ್ನೇ. “ಹೇಗೆ ಕಾಣುತ್ತೆ?”

“ಬೆಳ್ಳಗೆ ಕಾಣುತ್ತೆ.”

“ಅಷ್ಟೇನಾ?”

“ಇನ್ನೇನು ಹೇಳ್ಲಿ? ಬೆಳ್ಳಗಿರೋದು ಬೆಳ್ಳಗೆ ಕಾಣುತ್ತೆ,” ಎಂದು ಅವನು ದೋಸೆಗೆ ಕೈ ಹಾಕುತ್ತಿದ್ದ.

ಎಪ್ಪತ್ತೊಂಬತ್ತನೇ ಇಸವಿಯ ಚಳಿಗಾಲದಲ್ಲಿ ಒಂದು ಕಾಗದ ಬಂತು. ಗುಲ್ವೆನ್ ಆಗಷ್ಟೇ ಕೆಲಸ ಬಿಟ್ಟು ಮನೆಯಲ್ಲಿದ್ದ, ಅರವತ್ನಾಲ್ಕು ವಯಸ್ಸು. ಅವನ ಹಳೆಯ ಜೊತೆಗಾರನೊಬ್ಬ ಅಟ್ಲಾಂಟಿಕ್ ಮಧ್ಯದ ಅಜೋರ್ಸ್ ದ್ವೀಪಗಳಲ್ಲಿ ನೆಲೆಸಿದ್ದ. ಅವನಿಗೆ ಕೈಕಾಲು ಆಡದಂತಾಗಿತ್ತು. ‘ನನ್ನ ಗ್ವೆನ್ನಿಲಿ ಇಲ್ಲಿ ಬಂದರಿನಲ್ಲಿ ಕೊಳೆಯುತ್ತಿದೆ. ನಾವಿಬ್ಬರೂ ಸೇರಿ ಕಟ್ಟಿದ ದೋಣಿ. ಬಂದು ಮನೆಗೆ ಕರೆದುಕೊಂಡು ಹೋಗು’ ಎಂದು ಬರೆದಿದ್ದ. ಗ್ವೆನ್ನಿಲಿ ಎಂದರೆ ಹಾಯಿ ಕಟ್ಟುವ ಎರಡು ಕೂವೆಮರದ, ಹತ್ತು ಮೀಟರು ಉದ್ದದ ಹಾಯಿದೋಣಿ.

ಗುಲ್ವೆನ್ ಜೊತೆಗೆ ಬರುವವರನ್ನು ಹುಡುಕಿದ. ಒಬ್ಬನಿಗೆ ಸೊಂಟನೋವು, ಒಬ್ಬನಿಗೆ ಮಗಳ ಮದುವೆ. ಮೂರನೆಯವನು ನೇರವಾಗಿಯೇ, “ನಿನಗೂ ವಯಸ್ಸಾಯ್ತು, ಆ ದೋಣಿಗೂ ವಯಸ್ಸಾಯ್ತು” ಎಂದ. ಮನೆಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತವನ ಮುಂದೆ ಮಹಾರಿತ್ ಕಾಫಿ ಬಟ್ಟಲು ಇಟ್ಟಳು.

“ನಾನು ಬರ್ತೀನಿ.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ನಿನ್ನ ಗ್ವೆನ್ನಿಲಿ ತರೋಕೆ. ನಾನು ಬಳಿದ ಗೋಡೆ ಹೊರಗಿನಿಂದ ಹೇಗೆ ಕಾಣುತ್ತೆ ಅಂತ ಸಾಯೋ ಮುಂಚೆ ಒಂದ್ಸಲ ನೋಡ್ಬೇಕು.”

“ಅದಕ್ಕೆ ಸಾವಿರದಿನ್ನೂರು ಮೈಲಿ ಹೋಗ್ಬೇಕಾ? ಊರಾಚೆ ಎರಡು ಮೈಲಿ ದೋಣೀಲಿ ಕರ್ಕೊಂಡು ಹೋಗಿ ತೋರಿಸ್ತೀನಿ.”

“ನಲವತ್ತು ವರ್ಷದಿಂದ ಯಾಕೆ ತೋರಿಸ್ಲಿಲ್ಲ?”

ಗುಲ್ವೆನ್ ಕಾಫಿ ಕುಡಿದ.

“ಬೇಡ,” ಎಂದಳು ಅವಳು. “ಸುಮ್ನೆ ನೋಡೋಕೆ ಹೋಗಿ ನೋಡೋದಲ್ಲ. ದೂರದಿಂದ ಮನೆಗೆ ಬರೋರು ನೋಡ್ತಾರಲ್ಲ, ಹಾಗೆ ನೋಡ್ಬೇಕು.”

ಆ ವರ್ಷದ ಸುಣ್ಣದ ಕೆಲಸವನ್ನು ಪಕ್ಕದ ಮನೆಯ ಕಟೆಲ್‌ಗೆ ವಹಿಸಿದಳು. ಆ ನೆಲದ ತುದಿಯಲ್ಲಿದ್ದದ್ದು ಎರಡೇ ಮನೆ. ಇನ್ನೊಂದು ಕಟೆಲ್‌ಳದು, ನೂರು ಹೆಜ್ಜೆ ಆಚೆಗೆ. ಮಹಾರಿತ್‌ಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಕೊಬ್ಬಿನ ಅಳತೆ, ಬಿಸಿಲಿನ ಹೊತ್ತು, ಏಣಿ ಇಡುವ ಜಾಗ ಎಲ್ಲವನ್ನೂ ಮಹಾರಿತ್ ಮೂರು ಮೂರು ಸಲ ಹೇಳಿದಳು.

“ಅಕ್ಕಾ, ಗೋಡೆ ಬಳಿಯೋದು, ಪೋಪರಿಗೆ ಸ್ನಾನ ಮಾಡ್ಸೋದಲ್ಲ,” ಎಂದಳು ಕಟೆಲ್.

“ನನಗೆ ಎರಡೂ ಒಂದೇ,” ಎಂದು ಮಹಾರಿತ್ ಬ್ರಶ್ಶು ಕೊಟ್ಟಳು. ಕೊಟ್ಟ ಮೇಲೂ ಒಂದು ಗಳಿಗೆ ಅದರ ಹಿಡಿಕೆ ಬಿಡಲಿಲ್ಲ.

ವಿಮಾನ ಹಿಡಿದು ಅಜೋರ್ಸಿಗೆ ಹೋದರು. ಅಲ್ಲಿ ದೋಣಿಯ ಹಲಗೆಗಳ ಸಂದು ತುಂಬಿ, ಹಾಯಿ ಹೊಲಿದು, ಸಜ್ಜು ಮಾಡುವಷ್ಟರಲ್ಲಿ ಎರಡು ತಿಂಗಳು ಹಿಡಿಯಿತು. ಇಂಜಿನ್ನು ಎಷ್ಟು ಹೊಡೆದರೂ ಬಡಿದರೂ ಏಳಲೇ ಇಲ್ಲ. ಜೂನ್ ಕೊನೆಗೆ ಹಾಯಿ ನಂಬಿಕೊಂಡೇ ಹೊರಟರು.

ಮೊದಲ ನಾಲ್ಕು ದಿನ ಮಹಾರಿತ್ ಬಕೆಟ್ಟನ್ನು ಬಿಟ್ಟು ಕದಲಲಿಲ್ಲ. ತಿಂದದ್ದೆಲ್ಲ ಅದಕ್ಕೇ ಹೋಯಿತು. ಗುಲ್ವೆನ್ ಒಣ ಬ್ರೆಡ್ಡಿನ ತುಂಡು ಹಿಡಿದು ಮುಂದೆ ಕೂತು, “ವಾಪಸ್ ತಿರುಗಿಸ್ಲಾ?” ಎಂದು ಕೇಳಿದ.

“ತಿರುಗಿಸಿದ್ರೆ ನಿನ್ನನ್ನೇ ಬಕೆಟ್ಟಿಗೆ ಹಾಕ್ತೀನಿ.”

ಐದನೆಯ ದಿನ ಅವಳು ಎದ್ದು, ಮುಖ ತೊಳೆದು, ಚುಕ್ಕಾಣಿ ಎಲ್ಲಿ ಎಂದು ಕೇಳಿದಳು. ಅಲ್ಲಿಂದ ಮುಂದೆ ಮೂರು ಗಂಟೆ ಅವನು, ಮೂರು ಗಂಟೆ ಅವಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಹಗಲೂ ರಾತ್ರಿ ಇಷ್ಟು ಹತ್ತಿರ ಇದ್ದದ್ದು ಅದೇ ಮೊದಲು. ಇದ್ದದ್ದು ಹತ್ತು ಮೀಟರಿನೊಳಗೆ. ಜಗಳವಾಡಿದರೂ ಹೋಗಲು ಬೇರೆ ಕೋಣೆಯಿಲ್ಲ. ಅವನು ಗೊರಕೆ ಹೊಡೆಯುತ್ತಾನೆಂದು ಅವಳಿಗೆ ಗೊತ್ತಿತ್ತು. ನಿದ್ದೆಯಲ್ಲಿ ಹಡಗಿನವರ ಹೆಸರು ಹಿಡಿದು ಕೂಗುತ್ತಾನೆಂಬುದು ಗೊತ್ತಿರಲಿಲ್ಲ. ಅವಳು ಕೆಲಸ ಮಾಡುವಾಗ ಒಳಗೊಳಗೇ ಹಾಡುತ್ತಾಳೆಂಬುದು ಅವನಿಗೆ ಗೊತ್ತಿರಲಿಲ್ಲ.

“ಯಾವಾಗಿಂದ ಹಾಡ್ತೀಯಾ?”

“ಗೋಡೆ ಬಳಿಯುವಾಗ ಇನ್ನೇನು ಮಾಡ್ಲಿ? ಅದು ಮಾತಾಡುತ್ತಾ?”

ಹದಿಮೂರು ದಿನದ ದಾರಿಗೆ ಇಪ್ಪತ್ತಾರು ದಿನ ಹಿಡಿಯಿತು. ಒಂದು ವಾರ ಎದುರುಗಾಳಿ, ಆಮೇಲೆ ಐದು ದಿನ ಗಾಳಿಯೇ ಇಲ್ಲ. ಹಾಯಿಗಳು ಒಗೆದು ಹಾಕಿದ ಬಟ್ಟೆಯಂತೆ ಜೋತುಬಿದ್ದಾಗ ಮಹಾರಿತ್ ಡೆಕ್ಕಿನ ಮೇಲೆ ಬಾಣಲೆ ಇಟ್ಟು ಉಳಿದ ಹಿಟ್ಟಿನಲ್ಲಿ ದೋಸೆ ಹುಯ್ದಳು. ಗುಲ್ವೆನ್ ಒಂದು ತಿಂದು, ಎರಡು ತಿಂದು, ಐದನೆಯದಕ್ಕೆ ಕೈ ಚಾಚಿದಾಗ, “ಕಪ್ತಾನರೇ, ನಾಳೆಗೂ ಸ್ವಲ್ಪ ಇರ್ಲಿ” ಎಂದು ತಟ್ಟೆ ಎಳೆದುಕೊಂಡಳು. ಕುಡಿಯುವ ನೀರನ್ನು ಅಳೆದು ಅಳೆದು ಕುಡಿದರು. ಇಪ್ಪತ್ನಾಲ್ಕನೆಯ ದಿನ ಒಂದು ಮೀನುಗಾರಿಕೆ ಹಡಗು ಹತ್ತಿರ ಬಂದು, ನೀರು ಕೊಟ್ಟು, ‘ಗ್ವೆನ್ನಿಲಿ ಬರುತ್ತಿದೆ’ ಎಂದು ರೇಡಿಯೋದಲ್ಲಿ ಊರಿಗೆ ತಿಳಿಸಿತು.

ಆ ಸುದ್ದಿಯೇ ಎಡವಟ್ಟಿಗೆ ಕಾರಣವಾಯಿತು.

ಇಪ್ಪತ್ತಾರನೆಯ ದಿನ ಮಧ್ಯಾಹ್ನ ಊರಿನ ದಿಬ್ಬ ಕಂಡಿತು. ಬೆನ್ನ ಹಿಂದೆ ಒಳ್ಳೆಯ ಗಾಳಿ. ನೆಲದ ಮೇಲೆ ತೆಳ್ಳನೆಯ ಮಬ್ಬು ಕವಿದು ಬಂಡೆ, ಮರ, ಮನೆ ಎಲ್ಲ ಒಂದೇ ಬೂದುಬಣ್ಣಕ್ಕೆ ತಿರುಗಿದ್ದವು. ಇಗರ್ಜಿಯ ಗೋಪುರ ಮಾತ್ರ ಮೇಲೆ ಚುಚ್ಚಿದಂತೆ ನಿಂತಿತ್ತು. ಉಬ್ಬರ ಮುಕ್ಕಾಲು ಏರಿತ್ತು, ಹೆಣ್ಣುಹಂದಿ ನೀರಿನಡಿ ಮುಳುಗಿತ್ತು. ಗುಲ್ವೆನ್ ಮುಂದೆ ಕೂವೆಮರ ಹಿಡಿದು ನಿಂತಿದ್ದ, ಮಹಾರಿತ್ ಚುಕ್ಕಾಣಿಯಲ್ಲಿದ್ದಳು.

“ಅಗೋ!” ಎಂದು ಕೂಗಿದ ಗುಲ್ವೆನ್. “ನೋಡೇ, ನಿನ್ನ ಗೋಡೆ! ಹೇಗೆ ಹೊಳೀತಿದೆ ನೋಡು!”

ಗೋಪುರದ ಕೆಳಗೆ ಮಬ್ಬಿನಲ್ಲಿ ಒಂದು ಬಿಳಿ ಗೋಡೆ ಕನ್ನಡಿಯಂತೆ ಬಿಸಿಲಿಗೆ ಹೊಳೆಯುತ್ತಿತ್ತು. ಮಹಾರಿತ್ ಕತ್ತು ಚಾಚಿ ನೋಡಿದಳು. ಇದಕ್ಕಾಗಿಯೇ ಇಷ್ಟು ದೂರ ಬಂದವಳು. ಕಣ್ಣು ತುಂಬಿ ಬರಬೇಕಿತ್ತು. ಬರಲಿಲ್ಲ. ಮನಸ್ಸಿನಲ್ಲಿ ಏನೋ ಚುಚ್ಚಿತು.

“ಸ್ವಲ್ಪ ಎಡಕ್ಕೆ ತಗೋ. ಹಾ, ಅಷ್ಟೇ. ಗೋಪುರ ಗೋಡೆ ಮೇಲೆ ಕೂತ್ಕೊಳ್ತು. ಹಾಗೇ ಹಿಡಿ.”

“ಗುಲ್ವೆನ್, ಗಂಟೆ ಎಷ್ಟು?”

“ಈಗ ಗಂಟೆ ಯಾಕೆ?”

“ಎಷ್ಟು ಅಂತ ಹೇಳು!”

ಅವನು ಗೊಣಗುತ್ತಾ ಜೇಬಿನ ಗಡಿಯಾರ ತೆಗೆದ. “ನಾಲ್ಕಾಗಿ ಐದು ನಿಮಿಷ.”

“ಹಾಗಾದ್ರೆ ಅದು ನನ್ನ ಗೋಡೆ ಅಲ್ಲ.”

“ಏನು?”

“ನಾಲ್ಕು ಗಂಟೆಗೆ ನನ್ನ ಗೋಡೆ ಮೇಲೆ ಬಿಸಿಲು ಬೀಳಲ್ಲ. ಐದಾಗ್ಬೇಕು. ಅದು ನನ್ನದಲ್ಲ.”

“ನಿನಗೆ ತಲೆ ಕೆಟ್ಟಿದೆಯಾ? ಅಲ್ಲಿ ಇರೋದೇ ಒಂದು ಬಿಳಿ ಗೋಡೆ! ಈ ದಾರೀಲಿ ಸಾವಿರ ಸಲ ಬಂದೋನು ನಾನು. ನೀನು ಇವತ್ತು ಮೊದಲ ಸಲ ನೋಡ್ತಿರೋಳು!”

“ನೀನು ಸಾವಿರ ಸಲ ನೋಡಿದ್ದೀಯ. ನಾನು ಅದರ ಮುಂದೆ ನಲವತ್ತೊಂದು ವರ್ಷ ಏಣಿ ಮೇಲೆ ನಿಂತಿದ್ದೀನಿ.”

ದೋಣಿ ಓಡುತ್ತಲೇ ಇತ್ತು. ಹಿಂದಿನಿಂದ ಗಾಳಿ ತಳ್ಳುತ್ತಿತ್ತು, ನಿಲ್ಲಿಸಲು ಇಂಜಿನ್ನಿಲ್ಲ. ಅವಳು ಹೊಳೆಯುವುದನ್ನು ಬಿಟ್ಟು, ಹೊಳೆಯದೇ ಇರುವುದನ್ನು ಹುಡುಕಿದಳು. ಬಲಕ್ಕೆ ಒಂದಿಷ್ಟು ಕಣ್ಣು ಸರಿಸಿದಾಗ ಮಬ್ಬಿನೊಳಗೆ, ನೆರಳಿನಲ್ಲಿ, ಮೇಲೆ ಚೂಪಾದ ಇನ್ನೊಂದು ಮಂಕು ಬಿಳುಪು ಕಂಡಿತು. ನೆರಳಿನಲ್ಲಿ ಸುಣ್ಣ ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕರಾವಳಿಯಲ್ಲೇ ಇರಲಿಲ್ಲ. ಅದು ಬೂದುಬಣ್ಣವಲ್ಲ, ಹಾಲಿನ ಮೇಲೆ ಕಟ್ಟುವ ಕೆನೆಯ ಬಣ್ಣ.

“ಅಲ್ಲಿದೆ,” ಎಂದಳು. ಗಂಡನ ಅಪ್ಪಣೆಗೆ ಕಾಯಲಿಲ್ಲ. ಚುಕ್ಕಾಣಿಯನ್ನು ಎರಡೂ ಕೈಯಿಂದ ತಳ್ಳಿದಳು. ದೋಣಿ ವಾಲಿತು, ಹಾಯಿ ದಢಾರೆಂದು ಆಚೆಗೆ ಬಡಿಯಿತು, ಒಳಗೆ ಪಾತ್ರೆಗಳು ಉರುಳಿದವು. ಗುಲ್ವೆನ್ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಾ ಹಗ್ಗಕ್ಕೆ ಜೋತುಬಿದ್ದ.

ಅವನ ಬೈಗುಳ ಅರ್ಧಕ್ಕೇ ನಿಂತಿತು. ಎಡಕ್ಕೆ, ಮೂವತ್ತು ಮೀಟರು ದೂರದಲ್ಲಿ, ಅವರು ಹೋಗಬೇಕಿದ್ದ ನೇರದಲ್ಲೇ, ಅಲೆಯೊಂದು ಇಳಿದಾಗ ನೀರು ಬಾಯಿ ತೆರೆಯಿತು. ಕಪ್ಪಗೆ, ಪಾಚಿ ಜೋತಾಡುವ ಬೆನ್ನೊಂದು ಮೇಲೆದ್ದು, ಉಸಿರು ಬಿಟ್ಟಂತೆ ಬುಸ್ಸೆಂದು ನೊರೆ ಚೆಲ್ಲಿ, ಮತ್ತೆ ಮುಳುಗಿತು. ಹೆಣ್ಣುಹಂದಿ.

ಗುಲ್ವೆನ್ ಹಗ್ಗವನ್ನು ಗೂಟಕ್ಕೆ ಸುತ್ತಿದ. ಆಮೇಲೆ ತಲೆಯ ಮೇಲಿನ ಟೋಪಿ ತೆಗೆದ. ಬಂಡೆಗೋ ಹೆಂಡತಿಗೋ ಎಂಬುದನ್ನು ಅವನು ಕೊನೆಯವರೆಗೂ ಹೇಳಲಿಲ್ಲ. ಹಿಂದಕ್ಕೆ ಬಂದು ಅವಳ ಪಕ್ಕ ಕೂತು, “ಎಲ್ಲಿಗೆ ಹೋಗ್ಬೇಕು ಹೇಳಿ ಕಪ್ತಾನರೇ” ಎಂದ.

“ನನ್ನ ಗೋಡೆ ಮೇಲೆ ಗೋಪುರ ಕೂರಿಸು. ಹಾಯಿ ಇಳಿಸಿ ನಿಧಾನಕ್ಕೆ ಹೋಗೋಣ. ಐದಾಗ್ಲಿ.”

ನಿಧಾನಕ್ಕೇ ಹೋದರು. ಐದಕ್ಕೆ ಇನ್ನೂ ನಾಲ್ಕು ನಿಮಿಷವಿರುವಾಗ ಮಂಕು ಗೋಡೆಯ ಬಲಮೂಲೆಗೆ ಒಂದು ಗೆರೆಯಷ್ಟು ಬೆಳಕು ತಾಗಿತು. ಪಕ್ಕಕ್ಕೆ ಹರಿಯಿತು. ಹೊಗೆಗೂಡಿನವರೆಗೂ ಏರಿತು. ಮಬ್ಬಿನ ನಡುವೆ ಯಾರೋ ಬಾಗಿಲು ತೆರೆದಂತೆ ಇಡೀ ಗೋಡೆ ಬೆಳಗಿತು. ಮಹಾರಿತ್‌ಳ ಕೈ ಚುಕ್ಕಾಣಿಯ ಮೇಲಿತ್ತು. ಗುಲ್ವೆನ್ ತನ್ನ ಕೈಯನ್ನು ಅದರ ಮೇಲಿಟ್ಟ.

“ಹೇಗೆ ಕಾಣುತ್ತೆ?” ಎಂದು ಈ ಸಲ ಅವನು ಕೇಳಿದ.

ಅವಳು ಮೂಗು ಒರೆಸಿಕೊಂಡಳು. “ಮೇಲಿನ ಎಡಮೂಲೆ ಸರಿಯಾಗಿ ಬಳ್ದಿಲ್ಲ ಕಟೆಲ್.”

ಕಟೆಲ್ ದಡದಲ್ಲೇ ಕಾಯುತ್ತಿದ್ದಳು. ದೋಣಿಯ ಹಗ್ಗ ಹಿಡಿಯುವ ಮೊದಲೇ ಶುರುಮಾಡಿದಳು: “ಅಕ್ಕಾ, ನೋಡಿದ್ಯಾ? ಹಬ್ಬಕ್ಕೆ ಒಂದ್ಸಲ ಬಳಿದಿದ್ದೆ. ನೀವು ಬರ್ತಿದ್ದೀರಿ ಅಂತ ಸುದ್ದಿ ಬಂತಲ್ಲ, ಮೊನ್ನೆ ಇನ್ನೊಂದ್ಸಲ ಬಳಿದೆ! ಅರ್ಧ ತೊಟ್ಟಿ ಸುಣ್ಣ ಉಳೀತು. ಚೆಲ್ಲೋದ್ಯಾಕೆ ಅಂತ ನಮ್ಮ ಮನೆ ಗೋಡೆಗೂ ಬಳಿದ್ಬಿಟ್ಟೆ. ಎರಡೂ ಮನೆ ಮದುಮಕ್ಕಳ ಥರ ಕಾಣ್ತಿವೆ. ನೋಡಿದ್ಯಾ?”

“ನೋಡ್ದೆ,” ಎಂದಳು ಮಹಾರಿತ್. “ಎರಡನ್ನೂ ನೋಡ್ದೆ.”

ನಡೆದದ್ದನ್ನು ಗುಲ್ವೆನ್ ಹೇಳಿದಾಗ ಕಟೆಲ್ ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟಳು. ಅವಳ ಗೋಡೆ ತುಸು ಪಶ್ಚಿಮಕ್ಕೆ ತಿರುಗಿದ್ದರಿಂದ ಅದಕ್ಕೆ ಬಿಸಿಲು ಒಂದು ಗಂಟೆ ಮೊದಲೇ ಬೀಳುತ್ತಿತ್ತು. ಅವಳೂ ಆ ಗೋಡೆಗಳನ್ನು ಸಮುದ್ರದಿಂದ ಕಂಡವಳಲ್ಲ. ಊರಿನ ದೋಣಿಗಳವರು ದಿನಾ ಹೋಗಿ ಬರುವವರು. ಬಂಡೆಯ ಜಾಗ ಅವರಿಗೆ ಅಂಗೈಯಲ್ಲಿದ್ದಂತೆ, ಗೋಡೆ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕಟೆಲ್ ತಂತಿಬ್ರಶ್ಶು ಹಿಡಿದು ತನ್ನ ಗೋಡೆ ಕೆರೆಯಲು ಹತ್ತಿದಳು. ಮಹಾರಿತ್ ಕೆಳಗೆ ಏಣಿ ಹಿಡಿದು ನಿಂತಳು. ಮೂರು ದಿನ ಕೆರೆದರು.

“ಬೈದ್ಬಿಡು ಅಕ್ಕಾ. ಬೈಯದೆ ಹೀಗೆ ಏಣಿ ಹಿಡ್ಕೊಂಡು ನಿಂತ್ರೆ ನನಗೆ ಜೀವ ಹೋಗುತ್ತೆ.”

“ಬೈಯೋಕೇನು? ನಾನು ಹೇಳಿದ್ದು ಎಲ್ಲಾ ಹೇಗೆ ಬಳೀಬೇಕು ಅಂತ. ಯಾಕೆ ಬಳೀಬೇಕು ಅಂತ ಹೇಳೋದು ಮರೆತೆ. ಬಲಗಡೆ ಇನ್ನೂ ಸ್ವಲ್ಪ ಕೆರಿ.”

ಬಂದರಿನ ಕಾಫಿ ಅಂಗಡಿಯಲ್ಲಿ ಗುಲ್ವೆನ್ ಈ ಕಥೆಯನ್ನು ತಾನೇ ಹೇಳಿದ, ಮುಚ್ಚಿಡಲಿಲ್ಲ. “ಸಾವಿರ ಸಲ ಬಂದೋನು ಬಂಡೆ ಕಡೆ ತಿರುಗಿಸಿದ. ಮೊದಲ ಸಲ ಬಂದೋಳು ಮನೆ ಕಡೆ ತಿರುಗಿಸಿದಳು,” ಎನ್ನುತ್ತಿದ್ದ. ಅಂದಿನಿಂದ ಬ್ರೆಡ್ಡಿನ ಅಂಗಡಿಯ ಮುಂದಿನ ಮಾತಿನ ರಾಗ ಬದಲಾಯಿತು. ಗೋಡೆಯನ್ನು ಕಟ್ಟಿಕೊಂಡವಳು ಎಂದು ಈಗಲೂ ಹೇಳುತ್ತಿದ್ದರು. ಆದರೆ ಹೇಳುವಾಗ ಅವಳಿಗೆ ಸರದಿಯಲ್ಲಿ ಮುಂದಿನ ಜಾಗ ಬಿಡುತ್ತಿದ್ದರು.

ಆಮೇಲಿನ ವರ್ಷಗಳಲ್ಲಿ ಹೆಣ್ಣುಹಂದಿಯ ಮೇಲೆ ದೀಪದ ಕಂಬ ಬಂತು. ದೋಣಿಗಳಿಗೆ ದಾರಿ ತೋರುವ ಯಂತ್ರಗಳು ಬಂದವು. ಬಂದರಿನ ಅಧಿಕಾರಿಯೊಬ್ಬ ಮನೆಗೇ ಬಂದು, “ಅಮ್ಮಾ, ಇನ್ನು ನೀವು ಸುಣ್ಣ ಬಳೀಬೇಕಾಗಿಲ್ಲ” ಎಂದ. “ನಿಮ್ಮ ದೀಪ ಕೆಟ್ಟ ದಿನ ಹೇಳಿ ಕಳಿಸಿ, ಆಗ ನಿಲ್ಲಿಸ್ತೀನಿ,” ಎಂದು ಅವನಿಗೆ ದೋಸೆ ಬಡಿಸಿ ಕಳಿಸಿದಳು. ಎಂಬತ್ತಕ್ಕೂ ಏಣಿ ಹತ್ತಿದಳು. ಗುಲ್ವೆನ್ ಇರುವವರೆಗೆ ಪ್ರತಿ ಬೇಸಿಗೆ, ಸುಣ್ಣ ಒಣಗಿದ ಮೇಲೆ, ಗ್ವೆನ್ನಿಲಿಯಲ್ಲಿ ಅವಳನ್ನು ಬಂಡೆಯಾಚೆಗೆ ಕರೆದೊಯ್ದು ಐದು ಗಂಟೆಗೆ ಮನೆಯ ಕಡೆ ತಿರುಗಿಸುತ್ತಿದ್ದ. ಅವನು ಹೋದ ಮೇಲೆ ದೋಣಿಯೂ ಹೋಯಿತು. ಆರು ವರ್ಷ ಅವಳು ಗೋಡೆಯನ್ನು ಹೊರಗಿನಿಂದ ನೋಡಲಿಲ್ಲ.

ಎಂಬತ್ನಾಲ್ಕನೆಯ ವಯಸ್ಸಿನಲ್ಲಿ, ಜೂನ್ ತಿಂಗಳಲ್ಲಿ, ಅಡುಗೆಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಉಬ್ಬರಕ್ಕೆ ದಾರಿ ಮುಳುಗಿದ್ದರಿಂದ ಊರಿನವರು ದೋಣಿ ತಂದರು. ಡಾಕ್ಟರು ನೋವಿಗೆ ಸೂಜಿ ಚುಚ್ಚಿ, ಸ್ಟ್ರೆಚರ್ ಮೇಲೆ ಬೆಲ್ಟು ಕಟ್ಟಿ ಮಲಗಿಸಿದರು. ಹಿಂದಿರುಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಎತ್ತಲು ಬಂದ ನಾಲ್ವರಿಗೂ ಗೊತ್ತಿತ್ತು.

“ಗಂಟೆ ಎಷ್ಟು?” ಎಂದಳು.

“ನಾಲ್ಕೂವರೆ ಅಜ್ಜಿ,” ಎಂದ ದೋಣಿಯ ಎರ್ವಾನ್. “ಬೇಗ ಹೊರಡ್ಬೇಕು. ನೀರು ಇಳಿದ್ರೆ ಕಷ್ಟ.”

“ನೀರಿನ ಲೆಕ್ಕ ನನಗೆ ಹೇಳ್ಕೊಡ್ಬೇಡ. ಆರೂವರೆ ತನಕ ನೀರಿದೆ. ಕೂತ್ಕೋ, ಕಾಫಿ ಕುಡಿ. ಕಟೆಲ್, ಕೊಡೇ ಅವರಿಗೆ.”

ಎರ್ವಾನ್ ಡಾಕ್ಟರ ಮುಖ ನೋಡಿದ. ಡಾಕ್ಟರು ಟೋಪಿ ತೆಗೆದು ಬೆಂಚಿನ ಮೇಲೆ ಕೂತರು.

ಎಪ್ಪತ್ನಾಲ್ಕರ ಕಟೆಲ್ ಕಾಫಿ ಬಗ್ಗಿಸಿದಳು. ಅವಳ ಉಗುರುಗಳ ಸಂದಿಯಲ್ಲಿ ಬಿಳಿ ಕೂತಿತ್ತು. ಆ ವರ್ಷ ಏಣಿ ಹತ್ತಿದ್ದು ಅವಳೇ. ಮಹಾರಿತ್ ಅದನ್ನು ನೋಡಿದಳು.

“ಮೇಲಿನ ಎಡಮೂಲೆ?”

“ಎರಡ್ಸಲ ಬಳಿದಿದ್ದೀನಿ ಅಕ್ಕಾ.”

“ಹೊರಗಿನಿಂದ ನೋಡಿ ಹೇಳ್ತೀನಿ. ಎರ್ವಾನ್, ಕೊಲ್ಲಿ ಒಳಗಿಂದ ಬೇಡಪ್ಪ, ಬಂಡೆ ಕಡೆಯಿಂದ ಸುತ್ತಿಸ್ಕೊಂಡು ಹೋಗು.”

“ಆಯ್ತು ಅಜ್ಜಿ.”

ಅಡುಗೆಮನೆಯ ಗಡಿಯಾರ ಐದು ಹೊಡೆಯಿತು. ನಾಲ್ವರೂ ಬಟ್ಟಲು ಕೆಳಗಿಟ್ಟು, ಸ್ಟ್ರೆಚರನ್ನು ಎತ್ತಿ, ಅವಳ ಕಾಲು ಬಾಗಿಲ ಕಡೆಗಿರುವಂತೆ ತಿರುಗಿಸಿದರು.

“ಹಾಗಲ್ಲ,” ಎಂದಳು ಮಹಾರಿತ್. “ತಲೆ ಸ್ವಲ್ಪ ಎತ್ತರಿಸಿ, ಹಿಂದುಮುಂದಾಗಿ ಹೊತ್ಕೊಳ್ಳಿ. ನನಗೆ ಮನೆ ಕಾಣ್ಬೇಕು.”

ಅವರು ಮತ್ತೆ ತಿರುಗಿಸಿಕೊಂಡರು. ಕಟೆಲ್ ಬಾಗಿಲು ಹಿಡಿದು ನಿಂತಳು. ಮಹಾರಿತ್ ಮನೆಯ ಕಡೆಗೇ ಮುಖವಿಟ್ಟುಕೊಂಡು ಹೊಸ್ತಿಲು ದಾಟಿದಳು.